ಹಿರೇರ ನೆರಳು

ಮಾನ್ವಿಯ ಸಂತೆಯಲ್ಲಿ ಮೈಕು ಒಂದು ಅಕ್ಷರವನ್ನು ನುಂಗಿತು. ಮುಂದೆ ಆದದ್ದೆಲ್ಲ ಆ ಒಂದು ಅಕ್ಷರದಿಂದಲೇ.

ಶಕ್ತಿನಗರದಲ್ಲಿ ಕರೆಂಟು ಹುಟ್ಟತೊಡಗಿ ಒಂದು ವರ್ಷ ಕಳೆದಿತ್ತು. ರಾಯಚೂರು ಕೋಟೆಯ ಹಳೆಯ ಬಾಗಿಲೊಂದರ ಹಜಾರದಲ್ಲಿ, ಊರೂರಿನ ಕಲ್ಲುಗಳನ್ನು ತಂದು ನಿಲ್ಲಿಸಿದ ಸಣ್ಣ ವಸ್ತುಸಂಗ್ರಹಾಲಯವಿತ್ತು. ಬೆಳಿಗ್ಗೆ ತೆರೆದು ಸಂಜೆಗೆ ಬೀಗ ಬೀಳುವ ಜಾಗ ಅದು. ಹಗಲೆಲ್ಲ ಹೊಲದಲ್ಲಿ ಬೆನ್ನು ಬಗ್ಗಿಸುವವರಿಗೆ ಅದನ್ನು ನೋಡುವ ಪುಣ್ಯ ಎಲ್ಲಿಂದ ಬರಬೇಕು? ಅದಕ್ಕೇ ಆ ವರ್ಷ ದಸರೆಗೆ ಮುಂಚೆ ಕೆಲವು ರಾತ್ರಿ ದೀಪ ಹಾಕಿ ಬಾಗಿಲು ತೆರೆದಿಡಬೇಕು, ಬಂದವರಿಗೆ ಕಲ್ಲುಗಳ ಕಥೆ ಹೇಳಿ ತೋರಿಸಬೇಕು ಎಂದು ನಿರ್ಧಾರವಾಯಿತು.

ಆ ಸುದ್ದಿ ಸಾರಲು ಮೈಕು ಕಟ್ಟಿದ ಜೀಪೊಂದು ಸಂತೆಯೊಳಕ್ಕೆ ಬಂತು. "ವಿಶೇಷ ಪ್ರದರ್ಶನ" ಎಂದು ಒಳಗೆ ಕೂತವನು ಹೇಳಿದ್ದು ನಿಜ. ಆದರೆ ಮೈಕಿಗೆ ಕೆಮ್ಮು ಹತ್ತಿತ್ತು. 'ಪ್ರ' ಎಂಬುದು ಕರಕರ ಸದ್ದಿನಲ್ಲಿ ಅರೆದುಹೋಗಿ, ಉಳ್ಳಾಗಡ್ಡಿ ರಾಶಿಯ ಮುಂದೆ ಕೂತಿದ್ದ ಬೂದೆಮ್ಮನ ಕಿವಿಗೆ ಬಿದ್ದದ್ದು ಇಷ್ಟು: ರಾಯಚೂರು ಕೋಟೆಯಲ್ಲಿ, ಅಮಾವಾಸ್ಯೆಯ ರಾತ್ರಿಯಿಂದ, ಹಳೆಯ ಕಲ್ಲುಗಳ ವಿಶೇಷ ದರ್ಶನ.

ಬೂದೆಮ್ಮ ಕೈಯಲ್ಲಿದ್ದ ಉಳ್ಳಾಗಡ್ಡಿಯನ್ನು ರಾಶಿಗೆ ಹಾಕಿ ಎದ್ದು ನಿಂತಳು.

"ಬಾಲಮ್ಮಾ, ಕೇಳಿದೇನು ಬೇ? ಹಿರೇರ ದರ್ಶನಕ್ಕ ಸರಕಾರ ಬಾಗಲಾ ತಗದದ. ಅದೂ ಅಮಾಸಿ ರಾತ್ರಿ!"

ಬಾಲಮ್ಮ ಅವಳ ಮೈದುನನ ಹೆಂಡತಿ. ಬಾಯಿ ಜೋರು, ಮನಸ್ಸು ಬೆಣ್ಣೆ. "ನಮ್ಮ ಅಮಾಸಿ ಸರಕಾರಕ್ಕ ಹೆಂಗ ಗೊತ್ತಾತಕ್ಕಾ?" ಎಂದಳು.

"ಸರಕಾರದಾಗ ಇರೋರಿಗೂ ಹಿರೇರು ಇರ್ತಾರಲ್ಲ. ಅವರೇನು ಗಿಡದಾಗ ಹುಟ್ಯಾರೇನು?"

ಬೂದೆಮ್ಮನಿಗೆ ಆ ಕರೆ ಯಾಕೆ ಅಷ್ಟು ಬೇಕಾಗಿತ್ತು ಎಂದರೆ, ಅವಳ ಗಂಡ ಯಮನೂರಪ್ಪ ತೀರಿಹೋಗಿ ವರ್ಷ ತುಂಬುತ್ತ ಬಂದಿತ್ತು. ಹಿರೇಕೊಟ್ನೆಕಲ್ಲಿನ ಕುರಿಗಾರರ ಮನೆ ಅವರದು. ಕುರಿ ಹಿಂದೆ ದೇವದುರ್ಗದ ಸೀಮೆಗೆ ಹೋದವನು ಅಲ್ಲೇ ಯಾರದೋ ಹೊಲದಲ್ಲಿ, ಕುರಿ ನಿಲ್ಲಿಸಿದ ಜಾಗದಲ್ಲಿ, ಜ್ವರ ಬಂದು ಕಣ್ಣು ಮುಚ್ಚಿದ್ದ. ಮಣ್ಣು ಮಾಡಿದ್ದಾಯಿತು, ದಿನ ಮಾಡಿದ್ದಾಯಿತು. ಒಂದು ಕೆಲಸ ಮಾತ್ರ ಉಳಿದಿತ್ತು.

ಅವರ ಮನೆತನದಲ್ಲಿ ಸತ್ತವನು ಸತ್ತ ಕೂಡಲೇ ಹಿರಿಯನಾಗುವುದಿಲ್ಲ. ವರ್ಷ ತುಂಬುವುದರೊಳಗೆ, ದಸರೆಗೆ ಮುಂಚೆ ಬರುವ ಮಾನೌಮಿ ಅಮಾವಾಸ್ಯೆಯ ರಾತ್ರಿ, ದೀಪ ಹಚ್ಚಿದ ಮೇಲೆ, ಹಿರೇರ ಕಲ್ಲಿನ ಮುಂದೆ ಅವನ ಕಂಬಳಿ ಹಾಸಿ ಎಡೆ ಇಡಬೇಕು. ಮನೆಯ ಹಿರಿಯ ಹೆಂಗಸು ಅವನ ಹೆಸರು ಹಿಡಿದು ಕರೆಯಬೇಕು. ಕರೆದರೆ ಬಂದು ಹಿರೇರಲ್ಲಿ ಕೂಡುತ್ತಾನೆ. ಕರೆಯದಿದ್ದರೆ ಸತ್ತ ಜಾಗದಲ್ಲೇ ಮಳೆಗಾಳಿಯಲ್ಲಿ ದಾರಿ ಕಾಯುತ್ತಾನೆ. ಆ ಒಂದು ಅಮಾವಾಸ್ಯೆ ತಪ್ಪಿದರೆ ಮತ್ತೆ ಕರೆಯುವ ಹಾಗಿಲ್ಲ. ಅಷ್ಟು ಹೊತ್ತಿಗೆ ಅವನು ಕಾದು ಬೇಸತ್ತು ಬೇರೆ ದಾರಿ ಹಿಡಿದಿರುತ್ತಾನೆ ಎಂದು ಹೇಳಿಕೆ.

ಆದರೆ ಹಿರೇರ ಕಲ್ಲು ಊರಲ್ಲಿರಲಿಲ್ಲ. ಎಂಟೊಂಬತ್ತು ವರ್ಷದ ಹಿಂದೆ ಕಾಲುವೆಯ ಕೆಲಸ ಬಂದಾಗ ಅದು ನಿಂತಿದ್ದ ಬದುವೇ ಹೋಗುವುದಿತ್ತು. ಸರಕಾರದವರು ಬಂದು ನೋಡಿ, ಇದು ಹಳೆಯ ವೀರಗಲ್ಲು, ಕುರಿ ಕದಿಯಲು ಬಂದವರೊಡನೆ ಕಾದಿ ಸತ್ತ ಕುರಿಗಾರನದು, ರಾಯಚೂರಿಗೆ ಒಯ್ದು ಜೋಪಾನ ಮಾಡುತ್ತೇವೆ ಎಂದರು. ಊರವರು ಗುಸುಗುಸು ಮಾಡಿದರೂ ಯಮನೂರಪ್ಪ ಅಂಜಲಿಲ್ಲ. "ಕಾಲುವಿ ನೀರಾಗ ಮುಳುಗೋದ್ಕಿಂತ ಸರಕಾರದ ಮನ್ಯಾಗ ಇರಲಿ. ಹಿರೇರು ನಮಗ ಹಿರೇರು, ಸರಕಾರಕ್ಕ ಬೀಗರು" ಎಂದು ತಾನೇ ನಿಂತು ಬಂಡಿಗೆ ಹೇರಿಸಿದ್ದ. ಆಮೇಲೆ ಆ ಮನೆಯಲ್ಲಿ ಸಾವೇ ಆಗಿರಲಿಲ್ಲ. ಮೊದಲ ಸಾವು ಅವನದೇ.

ಕಲ್ಲು ಬದುವಿನಲ್ಲಿ ಇದ್ದಾಗ ಅವನದೊಂದು ನಡವಳಿಕೆ ಇತ್ತು. ಎಷ್ಟೇ ಅವಸರವಿರಲಿ, ಅದರ ನೆರಳನ್ನು ತುಳಿಯುತ್ತಿರಲಿಲ್ಲ. ಸಂಜೆ ಹೊತ್ತು ನೆರಳು ಉದ್ದಕ್ಕೆ ಬಿದ್ದು ಅರ್ಧ ಹೊಲ ದಾಟಿರುತ್ತಿತ್ತು. ಅಷ್ಟೂ ಸುತ್ತು ಹಾಕಿ ಬರುತ್ತಿದ್ದ. ಬುತ್ತಿ ಬಿಚ್ಚಿ ಕೂತ ಬೂದೆಮ್ಮನಿಗೆ ಸಿಟ್ಟು ಬರುತ್ತಿತ್ತು. "ರೊಟ್ಟಿ ತಣ್ಣಗ ಆಗಾಕತ್ತಾವ, ನೀ ಪ್ರದಕ್ಷಿಣಿ ಹಾಕು" ಎಂದು ಬೈಯುತ್ತಿದ್ದಳು. ಅವನು ನಗುತ್ತ, "ಹಿರೇರ ನೆರಳಂದ್ರ ಹಿರೇರs. ಕಲ್ಲಿಗೆ ಕೈ ಮುಗದು ನೆರಳಿಗೆ ಕಾಲು ಕೊಟ್ರ ಹೆಂಗ?" ಎನ್ನುತ್ತಿದ್ದ.

ಈ ಅಮಾವಾಸ್ಯೆ ಬಂದಾಗಲೂ ಮಗ ಹನುಮಂತ್ರಾಯ ಕುರಿ ಹಿಂದೆಯೇ ಇದ್ದ. ಎಡೆ ಇಡುವುದು ಹೇಗೂ ಹೆಂಗಸಿನ ಕೆಲಸ. ಅಮಾವಾಸ್ಯೆಯ ದಿನ ಬೂದೆಮ್ಮ ಮಡಿಯಲ್ಲಿ ಹೋಳಿಗೆ ಮಾಡಿದಳು, ಸಜ್ಜಿ ರೊಟ್ಟಿ ಬಡಿದಳು, ಅವನಿಗೆ ಸೇರುತ್ತಿದ್ದ ಪುಂಡಿಪಲ್ಯ ಮಾಡಿದಳು. ಎಲೆ ಅಡಿಕೆ, ಒಂದು ಕಟ್ಟು ಬೀಡಿ, ಮಣ್ಣಿನ ಹಣತೆ, ಎಲ್ಲವನ್ನೂ ಬುಟ್ಟಿಗೆ ಇಟ್ಟು, ಮೇಲೆ ಅವನ ಕಂಬಳಿ ಹೊದಿಸಿದಳು. ಬಾಯಿಗೆ ನೀರು ಹಾಕದೆ ಬಾಲಮ್ಮನ ಜೊತೆ ಮಧ್ಯಾಹ್ನದ ಬಸ್ಸು ಹತ್ತಿದಳು.

"ಇದ್ದಾಗ ಒಂದಿನ ನಿನ್ನ ರಾಯಚೂರಿಗೆ ಕರಕೊಂಡು ಬರಲಿಲ್ಲ ನಮ್ಮ ಭಾವ" ಎಂದಳು ಬಾಲಮ್ಮ, ಕಿಟಕಿಯ ಗಾಳಿಗೆ ಸೆರಗು ಹಿಡಿದುಕೊಂಡು. "ಸತ್ತ ಮ್ಯಾಲ ಕರೆಸ್ಯಾನ ನೋಡು."

"ತಡಾ ಮಾಡಿದ್ರೂ ಮಾತು ಉಳಿಸ್ಕೊಂಡ."

"ಅಲ್ಲಕ್ಕಾ, ಅಲ್ಲಿ ಭಾವನ ಹೆಸರು ಹೇಳಬೇಕಲ್ಲ, ಬಾಯಿ ಬರ್ತದೇನು ನಿನಗ? ಮದುವ್ಯಾಗ ಒಡಪು ಕಟ್ಟಿ ಹೇಳಿದ್ದಿ ಅಷ್ಟ. ಆಮ್ಯಾಲ ಹನುಮಂತ್ರಾಯನ ಅಪ್ಪ, ಹನುಮಂತ್ರಾಯನ ಅಪ್ಪ. ಹನುಮಂತ್ರಾಯ ಹುಟ್ಟೋಕಿಂತ ಮುಂಚೆ ಏನಂತಿದ್ದಿ?"

"ಏನೂ ಅಂತಿರಲಿಲ್ಲ. ಬಳಿ ಸಪ್ಪಳಾ ಮಾಡ್ತಿದ್ದೆ."

ಬಾಲಮ್ಮ ನಕ್ಕಳು. ಬೂದೆಮ್ಮನ ಬರಿಗೈ ಬುಟ್ಟಿಯ ಮೇಲಿತ್ತು. ಅದನ್ನು ನೋಡಿ ನಗು ನಿಲ್ಲಿಸಿದಳು. ಬೂದೆಮ್ಮ ಮಾತ್ರ ಮುಖ ಇಳಿಸಲಿಲ್ಲ. ಕರೆಸಿಕೊಂಡವರು ದಾರಿಯನ್ನೂ ತೋರಿಸುತ್ತಾರೆ ಎಂಬುದು ಅವಳ ನಂಬಿಕೆ. ಅಳುವುದಕ್ಕೆ ವರ್ಷವೆಲ್ಲ ಇತ್ತು, ಇವತ್ತು ಕೆಲಸದ ದಿನ.

ಕೋಟೆಯ ಅಂಗಳಕ್ಕೆ ಬಂದಾಗ ಹೊತ್ತು ಮುಳುಗಿತ್ತು. ಬಾಗಿಲ ಹಜಾರದೊಳಗೆ ಹಗಲಿನಂಥ ಬೆಳಕು. ಹೊರಗೆ ಜನವೋ ಜನ. ಮೈಕು ಅಕ್ಷರ ನುಂಗಿದ್ದು ಮಾನ್ವಿಯಲ್ಲಿ ಮಾತ್ರವಲ್ಲ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಮೆಟ್ಟಿಲ ಕೆಳಗೆ ಚಪ್ಪಲಿಗಳ ಗುಡ್ಡೆ ಬಿದ್ದಿತ್ತು. ಹೆಂಗಸರು ಮಿಂದ ತಲೆಯಲ್ಲಿ, ಕೈಯಲ್ಲಿ ಊದಿನಕಡ್ಡಿ ಹಿಡಿದು ಸಾಲು ನಿಂತಿದ್ದರು. ಕಲ್ಮಲದ ಮುದುಕನೊಬ್ಬ ಅಂಗಳದಲ್ಲಿ ಗಾಲಿಯ ಮೇಲೆ ನಿಂತ ಹಳೆಯ ಫಿರಂಗಿ ತೋಪಿನ ಮೇಲೆ ತೆಂಗಿನಕಾಯಿ ಒಡೆದೇಬಿಟ್ಟಿದ್ದ.

"ಅರೇ ಯಪ್ಪಾ, ಅದು ತೋಪು! ದೇವರಲ್ಲ!" ಎಂದು ಕಾವಲುಗಾರ ವಲಿ ಪಾಷಾ ಓಡಿ ಬಂದ. ತಲೆಗೆ ಬಿಳಿ ಟವಲು ಸುತ್ತಿದ್ದ, ನರೆತ ಗಡ್ಡದ ಮನುಷ್ಯ.

"ಇರಲಿ ಬಿಡಪ್ಪಾ. ಒಂದು ಕಾಲದಾಗ ಊರು ಕಾದದಲ್ಲ" ಎಂದು ಮುದುಕ ಕಾಯಿಯ ಒಂದು ಹೋಳನ್ನು ಅವನ ಕೈಗೇ ಇಟ್ಟ.

ವಲಿ ಪಾಷಾ ಹೋಳು ಹಿಡಿದುಕೊಂಡೇ ಬೂದೆಮ್ಮನ ಮುಂದೆ ಬಂದು ನಿಂತ. "ಬುಟ್ಟ್ಯಾಗ ಏನದ ಯವ್ವಾ?"

"ಎಡಿ."

"ತೋಬಾ! ಇದು ಗುಡಿ ಅಲ್ಲ ಯವ್ವಾ, ಅಜಾಯಬ್‌ಖಾನಾ. ಒಳಗ ನೋಡಬೇಕು, ಬರಬೇಕು. ಅಷ್ಟ."

"ಮೈಕಿನ್ಯಾಗ ದರ್ಶನ ಅಂದ್ರಲ್ಲಪ್ಪಾ?"

"ಪ್ರದರ್ಶನ ಅಂದಾರ. ಪ್ರ... ದರ್ಶನ. ಮುಂಜಾನಿಂದ ಇದನ್ನ ಹೇಳಿ ಹೇಳಿ ನನ್ನ ನಾಲಿಗಿ ಸವದದ."

"ಒಂದಕ್ಷರ ಹೆಚ್ಚಾದ್ರ ಒಳಗಿನ ಹಿರೇರು ಕಡಿಮಿ ಆಗ್ತಾರೇನು?"

ಅಷ್ಟರಲ್ಲಿ ವಲಿ ಪಾಷಾನ ಕಣ್ಣು ಬುಟ್ಟಿಯ ಮೇಲಿನ ಕಂಬಳಿಯ ಮೇಲೆ ಬಿತ್ತು. ಒಂದು ಮೂಲೆಯಲ್ಲಿ ಕೆಂಪು ದಾರದಿಂದ ಹಾಕಿದ ಹೊಲಿಗೆ ಇತ್ತು. ಅದನ್ನು ನೋಡಿ ಅವನ ಮುಖ ಬದಲಾಯಿತು.

"ಈ ಕಂಬಳಿ... ಹಿರೇಕೊಟ್ನೆಕಲ್ ಮಾಮಾಂದಲ್ಲ? ವರ್ಷಾ ಬರ್ತಿದ್ದ. ಒಳಗ ಹೋಗಿ ಕೈ ಮುಗದು ಬಂದು ನನ್ನ ಹತ್ರ ಕೂತು ಬೀಡಿ ಸೇದ್ತಿದ್ದ. ಒಂದs ಮಾತು ಕೇಳ್ತಿದ್ದ, ಮಳಿ ಬಡೀತದೇನು ಅವರಿಗೆ, ಅಂತ. ಹೋದ ವರ್ಷ ಬರಲಿಲ್ಲ."

"ಇನ್ನ ಬರಂಗಿಲ್ಲಪ್ಪಾ" ಎಂದಳು ಬೂದೆಮ್ಮ. "ಅವರನ್ನ ಇಲ್ಲಿ ಬಿಟ್ಟು ಹೋಗಾಕ ನಾನು ಬಂದೀನಿ."

ವಲಿ ಪಾಷಾ ಮೇಲಿನವರನ್ನು ಕರೆತರಲು ಒಳಗೆ ಹೋದ.

ಆ ಸಂಗ್ರಹಾಲಯದ ಅಧಿಕಾರಿ ನೀಲಗಂಗಮ್ಮ, ದೇವದುರ್ಗದವಳು. ವಯಸ್ಸು ಮೂವತ್ತರ ಆಚೆ ಈಚೆ. ಓದಿ ನೌಕರಿ ಹಿಡಿದು ತನ್ನ ಸೀಮೆಗೇ ಮರಳಿ ಬಂದಿದ್ದಳು. ರಾತ್ರಿ ಬಾಗಿಲು ತೆರೆಯುವ ಯೋಚನೆ ಅವಳದೇ. ಕೆಲಸದ ಹೊತ್ತಿನಲ್ಲಿ ಅವಳ ಮಾತು ಪುಸ್ತಕದ ಮಾತು.

"ತಾಯಿ, ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಒಳಗೆ ಹಳೆಯ ಮರದ ಕೆತ್ತನೆಗಳಿವೆ, ಬಟ್ಟೆಗಳಿವೆ, ಓಲೆಗರಿ ಇವೆ. ಒಂದು ಕಿಡಿ ಬಿದ್ದರೆ ಎಲ್ಲ ಹೋಗುತ್ತದೆ. ಬೆಂಕಿ ಮತ್ತು ತಿನ್ನುವ ಪದಾರ್ಥ ಒಳಗೆ ಬರಕೂಡದು. ನಿಮಗೆ ಬಿಟ್ಟರೆ ಇವರೆಲ್ಲರಿಗೂ ಬಿಡಬೇಕು." ಅವಳು ಸಾಲನ್ನು ತೋರಿಸಿದಳು. ಅಲ್ಲಿ ಊದಿನಕಡ್ಡಿಗಳ ಒಂದು ತೋಟವೇ ಇತ್ತು.

ಬೂದೆಮ್ಮ ಅದನ್ನೆಲ್ಲ ನೋಡಿ ತಲೆದೂಗಿದಳು. "ನಿಮ್ಮ ಮಾತು ಖರೆ ಅದ ಅಕ್ಕಾರ. ಹಿರೇರ ಮನಿ ಸುಟ್ಟು ಹಿರೇರಿಗೆ ಎಡಿ ಇಡಾಕ ಬರಂಗಿಲ್ಲ. ಹೊರಗ ಅಂಗಳಕ್ಕ ಅವರನ್ನ ತರಾಕ ಬರ್ತದೇನು?"

"ಕಲ್ಲನ್ನು ಕಟ್ಟೆಗೆ ಕೂಡಿಸಿ ಸಿಮೆಂಟು ಹಾಕಿದ್ದೇವೆ. ಅಲುಗಾಡಿಸಲು ಆಗುವುದಿಲ್ಲ. ಬುಟ್ಟಿ ಇಲ್ಲೇ ಇಟ್ಟು ಒಳಗೆ ಬಂದು ಕೈ ಮುಗಿಯಿರಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ."

ಬುಟ್ಟಿಯನ್ನು ಬಾಲಮ್ಮನ ಮಡಿಲಿಗೆ ಇಟ್ಟು ಬೂದೆಮ್ಮ ಮೆಟ್ಟಿಲು ಹತ್ತಿದಳು. ಹಜಾರದ ಹಿಂಗೋಡೆಯ ಹತ್ತಿರ, ಕಬ್ಬಿಣದ ಕಾಲಿನ ಮೇಲೆ ಒಂದೇ ಒಂದು ದೊಡ್ಡ ದೀಪ ಉರಿಯುತ್ತಿತ್ತು. ಶಕ್ತಿನಗರದಿಂದ ಎರವಲು ತಂದದ್ದಂತೆ. ಕಣ್ಣಿಟ್ಟು ನೋಡಲಾಗದಷ್ಟು ಪ್ರಖರ. ಎಲ್ಲ ಕಲ್ಲುಗಳ ಮುಖವೂ ಅದರ ಕಡೆಗೆ ಇತ್ತು. ಬಾಗಿಲಿಗೆ ತೀರ ಹತ್ತಿರ, ಅಂಗಳಕ್ಕೆ ಬೆನ್ನು ಕೊಟ್ಟು, ಅವಳ ಮನೆಯ ಕಲ್ಲು ನಿಂತಿತ್ತು.

ಅವಳು ಎದುರಿಗೆ ಬಂದು ನೋಡಿದಳು. ತಲೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡ ಆಳು, ಕೈಯಲ್ಲಿ ಬಡಿಗೆ, ಕಾಲ ಬಳಿ ನಾಯಿ, ಹಿಂದೆ ಕುರಿ, ಮೇಲೆ ಸೂರ್ಯ ಚಂದ್ರ. ಬದುವಿನಲ್ಲಿದ್ದಾಗ ಎಣ್ಣೆ ಮೆತ್ತಿ ಕಪ್ಪಾಗಿ ನಾಯಿ ಕಾಣಿಸುತ್ತಲೇ ಇರಲಿಲ್ಲ. ಈಗ ಅದರ ಬಾಲವೂ ಕಾಣುತ್ತಿತ್ತು. ಕೆಳಗೆ ಒಂದು ಚೀಟಿ ಅಂಟಿಸಿದ್ದರು.

"ಏನು ಬರದೀರಿ ಅಕ್ಕಾರ ಇದರಾಗ?"

"ವೀರಗಲ್ಲು. ಹಿರೇಕೊಟ್ನೆಕಲ್, ಮಾನ್ವಿ ತಾಲೂಕು."

"ಊರಿನ ಹೆಸರು ಬರದು ಬಾಳ ಚೊಲೊ ಮಾಡೀರಿ. ಬರೋರಿಗೆ ಹಾದಿ ತಪ್ಪಂಗಿಲ್ಲ."

ಅವಳು ಎರಡೂ ಕೈ ಜೋಡಿಸಿ ನಿಂತಳು. ಮಳೆ ಬಡಿಯುವುದಿಲ್ಲ, ಬಿಸಿಲು ಬಡಿಯುವುದಿಲ್ಲ, ಕಟ್ಟೆ ಇದೆ, ಬೆಳಕಿದೆ. ಗಂಡ ಮಾಡಿದ್ದು ಸರಿ ಎಂದು ಅವಳಿಗೆ ಅನ್ನಿಸಿತು. ಹಿರೇರು ಸುಖವಾಗಿದ್ದರು. ಹೊರಗೆ ಉಳಿದವನು ಅವನೊಬ್ಬನೇ.

ಹೊರಗೆ ಬಂದು ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಬಾಲಮ್ಮನ ಹತ್ತಿರ ಕೂತಳು.

"ಏನಾತಕ್ಕಾ?"

"ಅವರ ನ್ಯಾಯ ಅವರಿಗದ. ನಮ್ಮ ದಾರಿ ನಾವು ನೋಡಬೇಕು."

"ಯಾವ ದಾರಿ? ಅಮಾಸಿ ಹೋಗಾಕತ್ತದ. ಈ ಸಲ ಬಿಟ್ರ ಭಾವ..."

"ಕರೆಸ್ಯಾರ ಅಂದ ಮ್ಯಾಲ ಬರಿಗೈಲೆ ಕಳಸಂಗಿಲ್ಲ ಬೇ. ಸ್ವಲ್ಪ ಸುಮ್ಮನ ಕೂಡು."

ಬೂದೆಮ್ಮ ಕಂಬಳಿಯ ಮೇಲೆ ಕೈ ಆಡಿಸುತ್ತ ಕೂತಳು. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅವಳು ನೆಲ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಕೈ ಕಂಬಳಿಯ ಮೇಲೆ ನಿಂತುಬಿಟ್ಟಿತು.

ಒಳಗಿನ ಬೆಳಕು ಬಾಗಿಲಿನಿಂದ ಹೊರಬಿದ್ದು ಅಂಗಳದ ಮೇಲೆ ಹಾಸಿತ್ತು. ಆ ಬೆಳಕಿನ ನಟ್ಟನಡುವೆ, ಹೊಸ್ತಿಲಿನಿಂದ ಹೊರಟು, ಮೆಟ್ಟಿಲುಗಳ ಮೇಲೆ ಮುರಿದು ಇಳಿದು, ತೋಪಿನ ಗಾಲಿಯವರೆಗೆ ಒಂದು ಉದ್ದನೆಯ ನೆರಳು ಮಲಗಿತ್ತು. ಬುಡದಲ್ಲಿ ನೆಟ್ಟಗೆ, ತಲೆಯಲ್ಲಿ ದುಂಡಗೆ, ಕೊಪ್ಪೆ ಹಾಕಿಕೊಂಡ ಆಳಿನ ಹಾಗೆ. ಸಂಜೆಯ ಬದುವಿನಲ್ಲಿ ಮೂವತ್ತು ವರ್ಷ ಅವಳು ಕಂಡ ನೆರಳು ಅದು. ಅದರ ಎದೆಯ ಮೇಲೆ, ಹೊಟ್ಟೆಯ ಮೇಲೆ ಜನ ಧಪಧಪ ನಡೆದು ಹೋಗುತ್ತಿದ್ದರು.

"ತುಳೀಬ್ಯಾಡ್ರೋ!"

ಕುರಿ ಕಾಯುವವರ ಕೂಗು ಅದು, ಎರಡು ಹೊಲ ದಾಟುವಂಥದ್ದು. ಮೆಟ್ಟಿಲ ಮೇಲಿದ್ದವನೊಬ್ಬ ಎತ್ತಿದ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ಕೊಕ್ಕರೆಯ ಹಾಗೆ ನಿಂತ.

"ಹಾವೇನಬೇ?" ಎಂದು ಕಲ್ಮಲದ ಮುದುಕ ಕೇಳಿದ.

"ಹಾವಲ್ಲ, ಹಿರೇರು! ಹಿರೇರ ನೆರಳು ಬಿದ್ದದ. ಆಚಿ ಕಡಿಂದ ಬರ್ರಿ. ಯಪ್ಪಾ, ನೀ ಕಾಲು ಎಡಕ್ಕ ಇಡು, ಎಡಕ್ಕ!"

ದರ್ಶನಕ್ಕೆಂದು ಮಿಂದು ಬಂದ ಜನ. ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ನೀರು ಕಲ್ಲನ್ನು ಬಳಸಿ ಹರಿಯುವ ಹಾಗೆ ನೆರಳಿನ ಎರಡೂ ಬದಿಗೆ ಸರಿದುಕೊಂಡರು. ಮುದುಕ ತಾನು ನಿಂತದ್ದು ನೆರಳಿನ ತಲೆಯ ಮೇಲೆ ಎಂದು ತಿಳಿದು ಎರಡೂ ಕೆನ್ನೆ ಬಡಿದುಕೊಂಡ. ಗದ್ದಲ ಕೇಳಿ ನೀಲಗಂಗಮ್ಮ ಹೊಸ್ತಿಲಿಗೆ ಬಂದಳು.

ಬೂದೆಮ್ಮ ಬುಟ್ಟಿ ಎತ್ತಿಕೊಂಡು ಅವಳ ಮುಂದೆ ಹೋಗಿ ನಿಂತಳು.

"ಅಕ್ಕಾರ, ಒಂದು ಮಾತು ಕೇಳ್ತೀನಿ. ಒಳಗಿನ ಕಲ್ಲು ನಿಮ್ಮದು, ನೀವು ಕಾಯೋರು. ನಾ ಇಲ್ಲ ಅನ್ನಂಗಿಲ್ಲ. ಹೊರಗಿನ ನೆರಳು ಯಾರದು?"

ನೀಲಗಂಗಮ್ಮ ನೆಲ ನೋಡಿದಳು. ಇಷ್ಟು ಹೊತ್ತು ತಾನೂ ಹತ್ತಾರು ಸಲ ಅದರ ಮೇಲೆ ಓಡಾಡಿದ್ದಳು, ಕಂಡಿರಲಿಲ್ಲ. ನೆರಳಿನ ಉದ್ದಕ್ಕೂ ಅವಳ ಕಣ್ಣು ಹೋಗಿ ತೋಪಿನವರೆಗೆ ಮುಟ್ಟಿ ಮರಳಿ ಬಂತು.

"ನೆರಳಿನ ವಿಷಯದಲ್ಲಿ ನನಗೆ ಯಾವ ಆದೇಶವೂ ಬಂದಿಲ್ಲ" ಎಂದಳು ಮೆಲ್ಲಗೆ. ಆಮೇಲೆ ಅವಳ ಪುಸ್ತಕದ ಮಾತು ಎಲ್ಲಿಯೋ ಜಾರಿಹೋಯಿತು. "ಇಡ್ರಿ ಯವ್ವಾ. ನಮ್ಮ ಅಜ್ಜಿ ಇದ್ದಿದ್ರ ನನ್ನ ಕಿವಿ ಹಿಂಡತಿದ್ಲು. ಅಂಗಳದಾಗ ಇಡ್ರಿ, ನಾ ನೋಡ್ಕೋತೀನಿ."

ಬೂದೆಮ್ಮ ತೋಪಿನ ಹತ್ತಿರ ನೆರಳಿನ ತಲೆಯ ಎದುರಿಗೆ ಕೂತು, ನೆಲ ಒರೆಸಿ, ಕಂಬಳಿ ಹಾಸಿದಳು. ಕಂಬಳಿಯ ಅರ್ಧ ಬೆಳಕಿನಲ್ಲಿ, ಅರ್ಧ ನೆರಳಿನಲ್ಲಿ. ಎಲೆ ಹಾಕಿ ರೊಟ್ಟಿ, ಪಲ್ಯ, ಹೋಳಿಗೆ ಬಡಿಸಿದಳು. ಎಲೆ ಅಡಿಕೆ ಇಟ್ಟಳು, ಬೀಡಿ ಕಟ್ಟು ಇಟ್ಟಳು. ಹಣತೆ ತೆಗೆದು ಬತ್ತಿ ಹೊಸೆದಾಗ ಬಾಲಮ್ಮ ಥಟ್ಟನೆ ಅವಳ ಕೈ ಹಿಡಿದಳು.

"ಅಕ್ಕಾ, ತಡಿ! ಇಲ್ಲಿ ದೀಪ ಹಚ್ಚಿದ್ರ ನೆರಳು ಎಲ್ಲಿ ಉಳೀತದ?"

ಹೌದಲ್ಲ. ದೀಪವಿಲ್ಲದೆ ಎಡೆ ಇಲ್ಲ, ದೀಪ ಹಚ್ಚಿದರೆ ಹಿರೇರೇ ಮಸುಕು. ನೆರೆದ ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ದೂರದಲ್ಲಿ ಹಚ್ಚಿ ಎಂದಳು, ಇನ್ನೊಬ್ಬಳು ಸೆರಗು ಮರೆ ಮಾಡಿ ಎಂದಳು. ಬೂದೆಮ್ಮ ಹಣತೆ ಹಿಡಿದು ಬಾಗಿಲ ಕಡೆ ನೋಡಿದಳು. ನೋಡಿ ಹಣತೆಯನ್ನು ಮತ್ತೆ ಬುಟ್ಟಿಗೆ ಇಟ್ಟಳು.

"ದೀಪ ಹಚ್ಚಿ ಆಗ್ಯಾದ ಬೇ. ಆ ದೊಡ್ಡ ದೀಪ ಇಲ್ಲದಿದ್ರ ಈ ನೆರಳು ಎಲ್ಲಿತ್ತು? ನಾ ಬರೋದ್ರೊಳಗ ಸರಕಾರನ ಹಚ್ಚಿ ಇಟ್ಟದ." ಆಮೇಲೆ ಧ್ವನಿ ಏರಿಸಿ, "ವಲಿ ಪಾಷಾ, ಯಪ್ಪಾ, ಈಗ ಅದು ಎಡಿ ದೀಪ. ನಾ ಹೇಳೋತನಕ ಅದಕ್ಕ ಕೈ ಹಚ್ಚಬ್ಯಾಡ."

"ನಾ ಹಚ್ಚಂಗಿಲ್ಲ ಯವ್ವಾ. ಕರೆಂಟಿನ ಮಾತು ನಾ ಹೇಳಂಗಿಲ್ಲ!"

"ಜಲ್ದಿ ಕರಿ ಅಕ್ಕಾ" ಎಂದಳು ಬಾಲಮ್ಮ. "ಶಕ್ತಿನಗರ ಮಗ್ಗಲಾಗ ಅದ ಅಂತ ನಂಬಾಕ ಬರಂಗಿಲ್ಲ. ದೀಪದ ಬುಡಕ್ಕ ಕತ್ತಲಿ."

ವಲಿ ಪಾಷಾ ಟವಲನ್ನು ತಲೆಯ ಮೇಲೆ ಎಳೆದುಕೊಂಡು, ದೀಪದ ತಂತಿಯನ್ನು ಯಾರೂ ಎಡವದಂತೆ ಕಾಯಲು ಒಳಗೆ ಹೋದ.

ಬೂದೆಮ್ಮ ಸೆರಗು ಹೊದ್ದು ಕೈ ಜೋಡಿಸಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಮಕ್ಕಳ ಮುಂದೆ, ಅತ್ತೆಯ ಮುಂದೆ, ಜನಗಣತಿಯವರ ಮುಂದೆಯೂ ಹೇಳದ ಹೆಸರು ಅದು. ಆಗ ಪಕ್ಕದ ಮನೆಯವರು ಹೇಳಿ ಬರೆಸಿದ್ದರು. ಅವನು ಸತ್ತ ಸುದ್ದಿ ಬಂದ ರಾತ್ರಿ ಕೂಡ ಅವಳು ಹನುಮಂತ್ರಾಯನ ಅಪ್ಪಾ ಎಂದೇ ಅತ್ತಿದ್ದಳು. ಗಂಟಲಲ್ಲಿ ಅದು ನಲವತ್ತು ವರ್ಷದಿಂದ ಕೂತು ಕಲ್ಲಾಗಿತ್ತು. ಬಾಲಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟಳು.

"ಯಮನೂರಪ್ಪಾ" ಎಂದಳು ಬೂದೆಮ್ಮ.

ಒಮ್ಮೆ ಬಂದ ಮೇಲೆ ಅದು ಸಲೀಸಾಗಿ ಬಂತು.

"ಯಮನೂರಪ್ಪಾ, ಬಾ. ಕುರಿ ನಿನ್ನ ಮಗ ನೋಡ್ತಾನ. ಒಂದೂ ಕಮ್ಮಿ ಆಗಿಲ್ಲ. ದೇವದುರ್ಗದ ಹೊಲಾ ಸಾಕು, ಮಂದಿ ಹೊಲದಾಗ ಎಷ್ಟು ದಿನ ಕುಂದರ್ತಿ? ಇಲ್ಲಿ ಮಳಿ ಬಡಿಯಂಗಿಲ್ಲ, ನೀನs ನೋಡಿ ಹೋಗೀದಿ. ನಿನ್ನ ಕಂಬಳಿ ಇಲ್ಲದ, ನಿನ್ನ ಹಿರೇರು ಇಲ್ಲದಾರ. ನೆರಳಿಗೆ ಎಡಿ ಇಟ್ಟೀನಿ. ತಪ್ಪಂದ್ರ ನಿನ್ನ ಮಾತಿನ ತಪ್ಪು, ಹಿರೇರ ನೆರಳಂದ್ರ ಹಿರೇರs ಅಂದಾಂವ ನೀನ. ಬಾ, ಕೂಡಿಕೊ."

ಆಗ ಹಿರೇರ ನೆರಳಿನ ಪಕ್ಕದಲ್ಲಿ ಇನ್ನೊಂದು ನೆರಳು ಎದ್ದಿತು. ತಲೆಯ ಮೇಲೆ ಕೊಪ್ಪೆ, ಸ್ವಲ್ಪ ಬಾಗಿದ ಬೆನ್ನು. ಮೆಟ್ಟಿಲಿಳಿದು ಮುಂದೆ ಮುಂದೆ ಬಂದು, ಕಲ್ಲಿನ ನೆರಳಿಗೆ ಹೆಗಲು ತಾಗಿಸಿ, ಅದರಲ್ಲಿ ಕೂಡಿಹೋಯಿತು.

"ಅಯ್ಯ ನಮ್ಮವ್ವ!" ಎಂದು ಬಾಲಮ್ಮ ಅವಳ ತೋಳು ಗಟ್ಟಿಯಾಗಿ ಹಿಡಿದಳು.

ಬೂದೆಮ್ಮ ತಲೆ ಎತ್ತಿ ನೋಡಿದಳು. ಒಳಗೆ, ಟವಲು ಹೊದ್ದ ವಲಿ ಪಾಷಾ ದೀಪದ ಮುಂದಿನಿಂದ ಸರಿದು ಕಲ್ಲಿನ ಮಗ್ಗುಲಲ್ಲಿ ನಿಂತಿದ್ದ. ಅವನೂ ಕೈ ಜೋಡಿಸಿದ್ದ. ಅವಳ ಮುಖದಲ್ಲಿ ನಗು ಮೂಡಿತು, ಅದರ ಮೇಲೆಯೇ ಕಣ್ಣೀರು ಹರಿಯಿತು.

"ಅಂಜಬ್ಯಾಡ ಬಾಲಮ್ಮಾ, ಅಂವ ವಲಿ ಪಾಷಾ. ದೇವರು ಕೆಲಸಾ ಮಾಡಸಬೇಕಾದ್ರ ಹತ್ರ ಇದ್ದವರನ್ನs ಹಚ್ತಾನ. ಬಾ ಅಂದ ಗಳಿಗ್ಯಾಗ ಬಂದ್ನಲ್ಲ, ಅಷ್ಟ ಸಾಕು."

ಎಡೆ ಇಟ್ಟಷ್ಟು ಹೊತ್ತು ಯಾರೂ ಅಂಗಳ ಬಿಡಲಿಲ್ಲ. ಒಳಗೆ ನೋಡಲು ಹೋದವರು ನೆರಳನ್ನು ಬಳಸಿಯೇ ಹೋದರು, ಬಳಸಿಯೇ ಬಂದರು. ಪೇಟೆಯಿಂದ ಪ್ಯಾಂಟು ಹಾಕಿಕೊಂಡು ಬಂದ ದೊಡ್ಡ ಮಂದಿಯೂ, ಯಾಕೆ ಎಂದು ಕೇಳದೆ, ಮುಂದಿನವರು ಹೋದ ಹಾಗೆ ಸುತ್ತು ಹಾಕಿದರು. ಬೂದೆಮ್ಮ ಹೋಳಿಗೆ ಮುರಿದು ಎಲ್ಲರಿಗೂ ಚೂರು ಚೂರು ಹಂಚಿದಳು. ನೀಲಗಂಗಮ್ಮ ತನ್ನ ಪಾಲನ್ನು ಹೊಸ್ತಿಲ ಹೊರಗೆ ಬಂದು ತಿಂದಳು. ಬೀಡಿ ಕಟ್ಟು ವಲಿ ಪಾಷಾನಿಗೆ ಹೋಯಿತು. "ಇದು ಅವರು ನಿನಗ ಕಳಿಸಿದ್ದು. ಹೋದ ವರ್ಷದ್ದು ಬಾಕಿ ಇತ್ತಲ್ಲ" ಎಂದಳು.

ಬಾಗಿಲು ಹಾಕುವ ಹೊತ್ತಾಯಿತು. ವಲಿ ಪಾಷಾ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಒಳಗಿನಿಂದ ಕೂಗಿದ. "ಯವ್ವಾ, ಆತೇನು?"

ದೀಪವನ್ನು ಆರಿಸು ಎನ್ನುವ ಮಾತು ಆ ಸೀಮೆಯ ಹೆಂಗಸರ ಬಾಯಲ್ಲಿ ಬರುವುದಿಲ್ಲ. ಬೂದೆಮ್ಮ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ನೆರಳಿಗೆ ಮತ್ತೊಮ್ಮೆ ಕೈ ಮುಗಿದಳು.

"ಆತಪ್ಪಾ. ಕೂಡಿಕೊಂಡ್ರು. ಇನ್ನ ದೀಪಾ ದೊಡ್ಡದು ಮಾಡು."

ಗುಂಡಿ ಟಪ್ಪೆಂದಿತು. ಅಮಾವಾಸ್ಯೆಯ ಕತ್ತಲು ಒಮ್ಮೆಲೇ ಅಂಗಳದ ತುಂಬ ಬಂದು ನಿಂತಿತು. ಜನ ಇದ್ದಲ್ಲೇ ನಿಂತರು. ಒಬ್ಬರೂ ಹೆಜ್ಜೆ ಎತ್ತಲಿಲ್ಲ.

"ಯವ್ವಾ" ಎಂದು ಕತ್ತಲೊಳಗಿಂದ ಕಲ್ಮಲದ ಮುದುಕನ ದನಿ ಬಂತು, "ಈಗ ನೆರಳು ಎಲ್ಲಿ ಅದ, ಎಲ್ಲಿ ಇಲ್ಲ, ಕಾಣವಲ್ಲದು. ಎಲ್ಲಿ ಕಾಲಿಡೋದು?"

"ಈಗ ಎಲ್ಲಾ ಅವರದs ಯಪ್ಪಾ" ಎಂದಳು ಬೂದೆಮ್ಮ. "ಅಂಜದs ನಡೀರಿ. ಅವರs ಎತ್ತಿಕೊಂಡು ಒಯ್ತಾರ."

ಅವಳು ಬಾಲಮ್ಮನ ಕೈ ಹಿಡಿದು ಮೊದಲ ಹೆಜ್ಜೆ ಇಟ್ಟಳು.